ಹಲ್ಲಿಗೆ ಹತ್ತದ ಗುಂಡಿ

ಬಾಯಿ ಅಂದರೆ ನನಗೆ ಹೇಸಿಗೆ. ಹಲ್ಲಿನ ಡಾಕ್ಟರಾಗಿ ಬದುಕಿದವಳು ಹೀಗೆ ಹೇಳಬಾರದು ಎಂದು ಗೊತ್ತು. ಆದರೆ ಹಳೆಯ ಡೈರಿಗಳನ್ನು ಈಗ ತೆಗೆದು ಓದಿದರೆ ಪುಟ ಬಿಟ್ಟು ಪುಟಕ್ಕೆ ಅದೇ ಇದೆ: ಇಂದಿನ ಬಾಯಿಗಳು, ಅವುಗಳ ವಾಸನೆ, ಮಧ್ಯಾಹ್ನದ ಊಟ ಸೇರಲಿಲ್ಲ. ಬಸ್ಸಿನಲ್ಲಿ ಕೂತು ಬರೆದ ಡೈರಿಗಳು ಅವು. ಅಕ್ಷರ ಕುಣಿಯುತ್ತವೆ, ರಸ್ತೆಯಲ್ಲಿ ಗುಂಡಿ ಬಂದ ಕಡೆ ಗೆರೆ ಹಾಳೆಯಿಂದಾಚೆ ಹೋಗಿದೆ. ಅವುಗಳನ್ನು ನಾನು ಪೂರ್ತಿ ನಂಬುವುದಿಲ್ಲ. ನೆನಪನ್ನು ಇನ್ನೂ ಕಡಿಮೆ ನಂಬುತ್ತೇನೆ. ಎರಡೂ ಒಪ್ಪಿದ ಕಡೆ ಧೈರ್ಯವಾಗಿ ಬರೆಯುತ್ತೇನೆ, ಒಪ್ಪದ ಕಡೆ ಹಾಗೆಂದು ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ನ್ಯಾಮತಿಯಲ್ಲಿ ಒಂದು ಶಾಲೆಯ ಜಗಲಿಯ ಮೇಲೆ ಹಲ್ಲು ಕೀಳುವ ಶಿಬಿರ ನಡೆಸಿದ್ದೆವು. ಎಲ್ಲರಿಗೂ ಸೇರಿ ಉಗುಳಲು ಒಂದೇ ಬಕೆಟ್ಟು. ಹನ್ನೊಂದು ಗಂಟೆಯ ಹೊತ್ತಿಗೆ ಅದರಲ್ಲಿ ರಕ್ತ, ಅಡಿಕೆಯ ಕೆಂಪು, ಹೊಗೆಸೊಪ್ಪಿನ ನಾರು, ಕೀವು ಎಲ್ಲ ಕೂಡಿ ಮೇಲೆ ಕೆನೆ ಕಟ್ಟಿತ್ತು. ಅದರ ಮೇಲೆ ನೊಣ. ಗೋವಿನಕೋವಿಯಿಂದ ಬಂದಿದ್ದ ರೈತರೊಬ್ಬರು ಎರಡು ದವಡೆ ಹಲ್ಲು ಕೀಳಿಸಿಕೊಂಡು, ಬಕೆಟ್ಟಿನೊಳಗೆ ಬಗ್ಗಿ ನೋಡಿ, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಹೇಳಿದರು: "ಇದುನ್ನ ಚೆಲ್ಬ್ಯಾಡ್ರಿ ಡಾಕ್ಟ್ರಮ್ಮ. ಗದ್ದಿಗೆ ಬಿಟ್ರೆ ಒಳ್ಳೆ ಗೊಬ್ರ ಆಗ್ತೈತೆ." ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ನಾನು ಶಾಲೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ.

ಅದಕ್ಕೇ ಮುಂದೆ ಓದುವಾಗ ಹಲ್ಲು ಸಾಲು ಮಾಡುವ ವಿಭಾಗವನ್ನು ಆರಿಸಿಕೊಂಡೆ. ಕೀವಿಲ್ಲ, ರಕ್ತವಿಲ್ಲ, ಕೊಳೆತ ಬೇರಿಲ್ಲ. ಎಳೆಯ ವಯಸ್ಸಿನ ಗಟ್ಟಿ ಹಲ್ಲು, ಹೊಳೆಯುವ ತಂತಿ. ಬಾಯೊಳಗೆ ಇದ್ದೂ ಬಾಯಿಯದಲ್ಲದ ಕೆಲಸ ಎಂದುಕೊಂಡಿದ್ದೆ. ಅಂಥ ದಡ್ಡತನ.

ಅದಕ್ಕೂ ಹಿಂದೆ ಒಂದೊಂದು ಹಲ್ಲಿಗೂ ಉಕ್ಕಿನ ಪಟ್ಟಿ ಸುತ್ತಿ ತಂತಿ ಕಟ್ಟುತ್ತಿದ್ದರು. ನಾನು ಕಲಿಯುವ ಹೊತ್ತಿಗೆ ತಂತಿ ಹಿಡಿಯುವ, ಅಕ್ಕಿಕಾಳಿನಷ್ಟು ಚಿಕ್ಕ ಬ್ರ್ಯಾಕೆಟ್ಟನ್ನು ಹಲ್ಲಿನ ಮುಖಕ್ಕೇ ನೇರವಾಗಿ ಅಂಟಿಸುವ ಪದ್ಧತಿ ಬಂದಿತ್ತು. ಹಲ್ಲನ್ನು ನುಣ್ಣನೆಯ ಕಲ್ಲುಪುಡಿಯಿಂದ ಉಜ್ಜಬೇಕು, ತೊಳೆದು ಒಣಗಿಸಬೇಕು. ತೆಳುವಾದ ಆಸಿಡ್ಡು ಹಚ್ಚಿ ಒಂದು ನಿಮಿಷ ಬಿಡಬೇಕು. ಮತ್ತೆ ತೊಳೆದು ಒಣಗಿಸಿದರೆ ಹಲ್ಲಿನ ಹೊಳಪು ಹೋಗಿ, ಸುಣ್ಣ ಬಳಿದ ಗೋಡೆಯಂತೆ ಮಂಕು ಬಿಳಿ ಆಗುತ್ತದೆ. ಆ ಮಂಕಿನ ತುಂಬ ಕಣ್ಣಿಗೆ ಕಾಣದ ತೂತುಗಳು. ಅಂಟು ಅವುಗಳೊಳಗೆ ಇಳಿದು, ಗಟ್ಟಿಯಾಗಿ, ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಮಂಕು ಬಂದ ಮೇಲೆ, ಅಂಟು ಹಚ್ಚುವ ಮೊದಲು, ಉಗುಳಿನ ಒಂದು ಹನಿ ಸೋಕಿದರೂ ತೂತುಗಳು ಮುಚ್ಚಿಹೋಗುತ್ತವೆ. ಮೊದಲಿನಿಂದ ಶುರು ಮಾಡಬೇಕು.

ನಮ್ಮ ಮನೆಯಲ್ಲಿ ಲೋಟ ತುಟಿಗೆ ತಾಗಿಸಿ ನೀರು ಕುಡಿದರೆ ಎಂಜಲು, ತಟ್ಟೆ ಮುಟ್ಟಿದ ಕೈಯಿಂದ ಸೌಟು ಮುಟ್ಟಿದರೆ ಎಂಜಲು. ಹಾಗೆ ಬೆಳೆದವಳಿಗೆ ಈ ನಿಯಮ ಹೇಳಿಕೊಡಬೇಕಾಗಿರಲಿಲ್ಲ. ಎಂಜಲಾದರೆ ಅಂಟುವುದಿಲ್ಲ: ಪಾಠದ ಟಿಪ್ಪಣಿಯಲ್ಲಿ ನಾನು ಬರೆದುಕೊಂಡಿದ್ದು ಇಷ್ಟೆ.

ಎಂಬತ್ತರ ದಶಕದ ನಡುವಿನ ಕೆಲವು ವರ್ಷ ನಾನು ಊರೂರು ಸುತ್ತುತ್ತಿದ್ದೆ. ಮನೆಯೂ ಮುಖ್ಯ ಕ್ಲಿನಿಕ್ಕೂ ಚನ್ನಗಿರಿಯಲ್ಲಿ. ಸೋಮವಾರ ನ್ಯಾಮತಿ, ಮಂಗಳವಾರ ಹೊನ್ನಾಳಿ, ಗುರುವಾರ ಜಗಳೂರು. ಜಗಳೂರಿನಲ್ಲಿ ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಕ್ಷೌರದ ಅಂಗಡಿಯಿಂದ ಕೊಂಡ ಹಳೆಯ ಕುರ್ಚಿ, ಒಂದು ಮೇಜು, ಹಿಂಬದಿಗೆ ಒಂದು ಕಿಟಕಿ. ಕಿಟಕಿಯ ಕೆಳಗೆ ಚರಂಡಿ. ಜೊತೆಗೆ ಹೊನ್ನಾಳಿಯ ಕಾಂಪೌಂಡರೊಬ್ಬರು ಬರುತ್ತಿದ್ದರು. ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಸಾಮಾನಿನ ಚೀಲ ಅವರ ವಶ. ಅವರು ಹೊನ್ನಾಳಿಯ ಬಸ್ಸಿನಲ್ಲಿ, ನಾನು ಚನ್ನಗಿರಿಯ ಬಸ್ಸಿನಲ್ಲಿ ದಾವಣಗೆರೆಗೆ ಬಂದು, ಅಲ್ಲಿಂದ ಜಗಳೂರಿನ ಬಸ್ಸು ಹತ್ತುತ್ತಿದ್ದೆವು.

ಹುಡುಗಿ ಬಂದದ್ದು ಒಂದು ಬೇಸಿಗೆಯ ಗುರುವಾರ, ತಾಯಿಯ ಜೊತೆ. ಜಗಳೂರಿನಿಂದ ಎರಡು ಗಂಟೆ ನಡೆಯುವಷ್ಟು ದೂರದ ಹಳ್ಳಿ. ಹುಡುಗಿಗೆ ಹದಿನೇಳೋ ಹದಿನೆಂಟೋ. ಮೇಲಿನ ಮುಂದಿನ ಹಲ್ಲುಗಳು ಸೂರಿನ ಹಾಗೆ ಮುಂದಕ್ಕೆ ಚಾಚಿದ್ದವು, ತುಟಿ ಎರಡೂ ಒಂದಕ್ಕೊಂದು ಮುಟ್ಟುತ್ತಿರಲಿಲ್ಲ. ಮೇಲಿನ ಒಸಡು ಗಾಳಿಗೆ ಒಣಗಿ ಹೊಳೆಯುತ್ತಿತ್ತು. ಹಲ್ಲಿನ ತುಂಬ ಕಂದು ಬಣ್ಣದ ಅಡ್ಡ ಪಟ್ಟೆ, ಅಲ್ಲಲ್ಲಿ ಹುಳು ಕೊರೆದ ಕಟ್ಟಿಗೆಯಂತೆ ಸಣ್ಣ ಕುಳಿ.

"ಇವ್ಳ ಅಕ್ಕದೀರ ಹಲ್ಲು ಮಲ್ಲಿಗೆ ಮೊಗ್ಗು ಇದ್ದಂಗವೆ ಕಣ್ರಿ," ಎಂದರು ತಾಯಿ. "ಅವ್ರು ಬಾವಿ ನೀರು ಕುಡುದ್ರು. ಇವ್ಳು ಹುಟ್ಟೋ ಹೊತ್ಗೆ ಬಾವಿ ಬತ್ತಿ ಬೋರು ಹೊಡ್ಸಿದ್ರು. ನಮ್ಮ ಓಣ್ಯಾಗೆ ಬೋರಿನ ನೀರು ಕುಡ್ದು ಬೆಳ್ದ ಹುಡ್ರುದ್ದೆಲ್ಲಾ ಇದೇ ಹಲ್ಲು."

ಅದು ನೀರಿನ ಫ್ಲೋರೈಡು. ಸೂಳೆಕೆರೆಯ ನೀರು ಕುಡಿದು ಬೆಳೆದ ನಮ್ಮ ಚನ್ನಗಿರಿ ಕಡೆಯವರ ಹಲ್ಲಿಗೆ ಕಲೆ ಹತ್ತುವುದು ಅಡಿಕೆಯಿಂದ, ಉಜ್ಜಿದರೆ ಹೋಗುತ್ತದೆ. ಇದು ಹಲ್ಲು ಹುಟ್ಟುವ ಮೊದಲೇ ಒಳಗೆ ಸೇರಿಕೊಂಡದ್ದು. ಬಣ್ಣಕ್ಕೆ ನನ್ನಲ್ಲಿ ಮದ್ದಿಲ್ಲ ಎಂದೆ.

"ಬಣ್ಣ ಇರ್ಲಿ ಬಿಡ್ರಿ," ಎಂದಳು ಹುಡುಗಿ. "ನನಗೆ ತುಟಿ ಕೂಡಿದ್ರೆ ಸಾಕು. ಮಕ್ಕಂಡ್ರೆ ಬಾಯಿ ಒಣಗಿ ಕಟ್ಟಿಗೆ ಆಗ್ತೈತೆ. ಧೂಳೆಲ್ಲಾ ಹಲ್ಲಿಗೇ ಮೆತ್ಕಂತೈತೆ. ಅಮ್ಮ ಅನ್ನಾಕೂ ಬರಲ್ಲ."

"ಅದುಕ್ಕೇ ಅವ್ವ ಅಂತಾಳೆ, ಅದು ಬರ್ತೈತೆ," ಎಂದರು ತಾಯಿ. "ಅವ್ರಪ್ಪನ್ನ ಮಾತ್ರ ಕರೆಯಾದೇ ಇಲ್ಲ. ಅವಯ್ಯನೂ ಕರುದ್ರೆ ಬರಾನಲ್ಲ ಬಿಡ್ರಿ."

ಹುಡುಗಿ ನಕ್ಕಳು. ನಗುವಾಗ ಅಂಗೈ ಬಾಯಿಗೆ ಅಡ್ಡ ಹೋಯಿತು. ನನಗೂ ನಗು ಬಂದಿತ್ತು ಎಂದು ನೆನಪು. ಡೈರಿಯಲ್ಲಿ ಇರುವುದು ಬೇರೆ: "ಜಗಳೂರು. ಹುಡುಗಿ, ಮುಂದಿನ ಹಲ್ಲು ಚಾಚಿವೆ. ಬಾಯಿ ಶುಚಿಯಾಗಿಲ್ಲ, ದುರ್ವಾಸನೆ. ಸಾಧ್ಯವಾಗಬಹುದು."

ಚಾಚಿದ ಹಲ್ಲು ಹಿಂದಕ್ಕೆ ಬರಬೇಕಾದರೆ ಜಾಗ ಬೇಕು. ಮುಂದಿನ ಎರಡು ವಾರಗಳಲ್ಲಿ ಮೇಲಿನ ಸಾಲಿನ ಎರಡೂ ಬದಿಯಿಂದ ಒಂದೊಂದು ಒಳ್ಳೆಯ ಹಲ್ಲು ಕಿತ್ತೆ. ಇದನ್ನು ಒತ್ತಿ ಹೇಳಬೇಕು. ಹಲ್ಲು ಕಿತ್ತ ಮೇಲೆ ಕೆಲಸ ಅರ್ಧಕ್ಕೆ ನಿಂತರೆ ಅವಳು ಬಂದದ್ದಕ್ಕಿಂತ ಕೆಟ್ಟ ಬಾಯಿ ಹೊತ್ತು ಹೋಗಬೇಕು: ಚಾಚಿದ ಹಲ್ಲು ಹಾಗೇ, ಅದರ ಜೊತೆಗೆ ಎರಡು ಕಿಂಡಿ. ನನಗೆ ಅದು ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಗಾಯ ಮಾಗಿದ ಮೇಲೆ ಬ್ರ್ಯಾಕೆಟ್ಟು ಅಂಟಿಸಿದೆ. ನೆನಪು ಹತ್ತು ಎನ್ನುತ್ತದೆ, ಡೈರಿ ಎಂಟು. ಎಂಟೇ ಇರಬೇಕು, ಹಿಂದಿನ ದವಡೆ ಹಲ್ಲಿಗೆ ಪಟ್ಟಿ ಹಾಕುತ್ತಿದ್ದೆ. ತಾಯಿ ಅವುಗಳನ್ನು ಗುಂಡಿ ಎಂದು ಕರೆದರು, ಅಂಗಿಯ ಗುಂಡಿಯ ಹಾಗೆ. ಕಾಂಪೌಂಡರೂ ಹಾಗೇ ಕರೆಯತೊಡಗಿದರು, ಆಮೇಲೆ ನಾನೂ. ನನ್ನದೊಂದು ನಿಯಮ ಇತ್ತು: ವಾರಕ್ಕೊಮ್ಮೆ ಮಾತ್ರ ಬರುವ ಊರಿನಲ್ಲಿ ಮೊದಲ ದಿನವೇ ತಂತಿ ಕಟ್ಟುವುದಿಲ್ಲ. ಗುಂಡಿಗಳು ಒಂದು ವಾರ ಒಂದೂ ಕದಲದೆ ನಿಲ್ಲಬೇಕು. ನಿಂತರೆ ಮುಂದಿನ ಗುರುವಾರ ತಂತಿ.

ಮುಂದಿನ ಗುರುವಾರ ಮೂರು ಉದುರಿದ್ದವು. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದಿದ್ದರು ತಾಯಿ. "ಒಂದೂ ಕಳೀಬ್ಯಾಡ್ರಿ, ಬೆಂಗಳೂರಿಂದ ತರಿಸಿದ್ದು, ಒಂದೊಂದು ಹಲ್ಲಿಗೆ ಒಂದೊಂದು ಬೇರೆ," ಎಂದು ನಾನೇ ಹೇಳಿದ್ದೆ. ಹೇಳಿದ್ದು ಡೈರಿಯಲ್ಲೂ ಇದೆ, ನೆನಪಿನಲ್ಲೂ ಇದೆ.

ಕಾರಣ ಹುಡುಕಿದೆ. ಮೊದಲು ಬೈದದ್ದು ಅವಳ ಹಲ್ಲನ್ನು. ಆ ನೀರು ಕುಡಿದ ಹಲ್ಲಿಗೆ ಆಸಿಡ್ಡು ನಾಟುವುದಿಲ್ಲ. ಒಂದು ನಿಮಿಷಕ್ಕೆ ಬರಬೇಕಾದ ಮಂಕು ಎರಡು ನಿಮಿಷಕ್ಕೂ ಅರೆಬರೆ, ಕಂದು ಪಟ್ಟೆಯ ಮೇಲಂತೂ ಇಲ್ಲವೇ ಇಲ್ಲ. ಮೂರು ನಿಮಿಷ ಬಿಟ್ಟೆ. ಆಮೇಲೆ ಸೆಕೆ. ಎರಡು ಡಬ್ಬಿಯ ಪೇಸ್ಟು ಕಲೆಸಿದ ಕೂಡಲೇ ಅಂಟು ಗಟ್ಟಿಯಾಗಲು ಶುರುವಾಗುತ್ತದೆ; ಜಗಳೂರಿನ ಬಿಸಿಲಿಗೆ ಗುಂಡಿ ಹಲ್ಲಿಗೆ ಮುಟ್ಟುವ ಮೊದಲೇ ಅದು ಅಂಟುವ ಗುಣ ಕಳೆದುಕೊಳ್ಳುತ್ತಿತ್ತು. ಡಬ್ಬಿಗಳನ್ನು ಒದ್ದೆ ಬಟ್ಟೆ ಸುತ್ತಿ ಮಣ್ಣಿನ ಕುಡಿಕೆಯಲ್ಲಿಟ್ಟೆ. ಆಮೇಲೆ ಗುಂಡಿಗಳು. ಉದುರಿದವುಗಳ ಬೆನ್ನಿನ ಜಾಲರಿಯಲ್ಲಿ ಹಳೆಯ ಅಂಟು ಕಚ್ಚಿಕೊಂಡಿರುತ್ತದೆ. ಕಾಂಪೌಂಡರು ಅವುಗಳನ್ನು ಚಿಮ್ಮಟದಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಕೆಂಪಗೆ ಕಾಯಿಸಿ ಸುಟ್ಟು ತೆಗೆಯುತ್ತಿದ್ದರು. ಸುಟ್ಟ ಜಾಲರಿ ಹೊಸದರಷ್ಟು ಹಿಡಿಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಉಗುಳು. ಎಷ್ಟೋ ಬಾಯಿ ನೋಡಿದ್ದೇನೆ, ಅಂಥ ಒರತೆ ನೋಡಿಲ್ಲ. ಕೆನ್ನೆಯೊಳಗೆ ಹತ್ತಿಯ ಸುರುಳಿ ಇಟ್ಟು ತಿರುಗುವಷ್ಟರಲ್ಲಿ ಅದು ನೆನೆದು ಬಸಿಯುತ್ತಿತ್ತು. ದಪ್ಪ, ನೂಲು ನೂಲಾದ ಉಗುಳು. ತುಟಿಯಿಂದ ನನ್ನ ಬೆರಳಿಗೆ, ಬೆರಳಿನಿಂದ ಚಿಮ್ಮಟಕ್ಕೆ ಎಳೆ ಎಳೆಯಾಗಿ ಜೋತುಬೀಳುತ್ತಿತ್ತು. ಅವಳ ನಾಲಿಗೆ ಬೇರೆ ಸುಮ್ಮನಿರದೆ ಒಣಗಿಸಿದ ಹಲ್ಲನ್ನು ಬಂದು ಸವರಿ ಹೋಗುತ್ತಿತ್ತು. ಆಗ ನಾವು ಕೈಗವಸು ಹಾಕುತ್ತಿದ್ದುದು ಅಪರೂಪ. ಆ ಬೆಚ್ಚಗಿನ ಜಿಗುಟು ಉಗುರಿನ ಸಂದಿಗೆ ಇಳಿದದ್ದು ಮಣಿಕಟ್ಟಿನವರೆಗೆ ಸೋಪು ಹಚ್ಚಿ ತೊಳೆದರೂ ಅಲ್ಲೇ ಇದ್ದ ಹಾಗೆ ಅನ್ನಿಸುತ್ತಿತ್ತು. ಬಸ್ಸಿನಲ್ಲಿ ಆ ಕೈಯನ್ನು ಸೀರೆಗೂ ತಾಗಿಸದೆ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಬರುತ್ತಿದ್ದೆ.

ಎರಡನೆಯ ವಾರ ಎರಡು ಉದುರಿದವು, ಮೂರನೆಯ ವಾರ ನಾಲ್ಕು. ಪ್ರತಿ ಸಲ ಗಂಟಿನಲ್ಲಿ ಕಟ್ಟಿ ತಂದರು, ಪ್ರತಿ ಸಲ ಸುಟ್ಟು ಅಂಟಿಸಿದೆ. ನಾಲ್ಕನೆಯ ಗುರುವಾರ ಮತ್ತೆ ಎರಡು ಇಲ್ಲದ್ದು ಕಂಡು ರೇಗಿಹೋಯಿತು.

"ಏನು ತಿಂದೆ? ಕಬ್ಬು ಸಿಗಿದೆಯಾ? ಹುರಿಗಡಲೆ?"

"ಇಲ್ರಿ. ಮುದ್ದಿ ಬಿಟ್ಟು ಬ್ಯಾರೆ ಏನೂ ತಿಂದಿಲ್ರಿ. ಮುದ್ದಿ ಅಗಿಯಂಗೂ ಇಲ್ಲ, ನುಂಗಾದು."

"ನಾಲಿಗೆಯಿಂದ ತಳ್ತೀಯ. ಬೆರಳು ಹಾಕಿ ನೋಡ್ಕೋತೀಯ."

"ಇಲ್ರಿ."

"ಕೇಳ್ರಿ," ಎಂದೆ ತಾಯಿಗೆ. "ಇನ್ನೊಂದು ಸಲ ಅಂಟಿಸ್ತೀನಿ. ಮುಂದಿನ ವಾರ ಒಂದೇ ಒಂದು ಬಿದ್ದಿದ್ರೂ ಉಳಿದದ್ದನ್ನೆಲ್ಲ ಕಿತ್ತು ತೆಗೀತೀನಿ. ನಿಮ್ಮ ನೀರಿನ ಹಲ್ಲಿಗೆ ಇದು ಹತ್ತಲ್ಲ."

ಹುಡುಗಿ ಅಳಲಿಲ್ಲ. ನಾಲಿಗೆಯ ತುದಿಯನ್ನು ಹಲ್ಲು ಕಿತ್ತ ಕಿಂಡಿಗೆ ಒಮ್ಮೆ ಇಟ್ಟು ನೋಡಿಕೊಂಡಳು. ಆಮೇಲೆ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಳು.

ಐದನೆಯ ಗುರುವಾರದ ಬೆಳಿಗ್ಗೆ ಕಾಂಪೌಂಡರ ಜೊತೆ ಸಣ್ಣ ಜಗಳವಾಗಿತ್ತು. ಲವಂಗದೆಣ್ಣೆಯ ಬಾಟಲಿಯನ್ನು ಅವರು ಹೊನ್ನಾಳಿಯಲ್ಲೇ ಬಿಟ್ಟು ಬಂದಿದ್ದರು. ಹುಳುಕು ಹಲ್ಲಿಗೆ ತಾತ್ಕಾಲಿಕವಾಗಿ ತುಂಬುವ ಮದ್ದನ್ನು ಕಲೆಸುವುದು ಅದರಲ್ಲೇ. ಅದಿಲ್ಲದೆ ಇಬ್ಬರು ರೋಗಿಗಳನ್ನು ಹಾಗೇ ಕಳಿಸಬೇಕಾಯಿತು. ಮಧ್ಯಾಹ್ನ ತಾಯಿ ಮಗಳು ಬಂದರು. ತಾಯಿ ಸೆರಗಿನ ಗಂಟು ಬಿಚ್ಚಲಿಲ್ಲ. ಬಾಳೆ ಎಲೆಯ ಚೂರೊಂದನ್ನು ಬಿಡಿಸಿ ಒಂದು ಗುಂಡಿಯನ್ನು ನನ್ನ ಅಂಗೈಗೆ ಹಾಕಿದರು. ಚೆನ್ನಾಗಿ ತೊಳೆದಿತ್ತು. ನಾನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ತಿರುಗಿಸಿ, ಜಾಲರಿ ಸರಿಯಿದೆಯೇ ಎಂದು ಕಣ್ಣ ಹತ್ತಿರ ತಂದು ನೋಡಿದೆ.

"ಒಂದೇ ಬಿದ್ದುದ್ದು ಈ ಸಲ," ಎಂದರು ತಾಯಿ. "ಅದೂ ಕಳಿಯಾಕೆ ಬಿಡ್ಲಿಲ್ರಿ ನಾನು. ಮುದ್ದಿ ಜತೆ ನುಂಗ್ಬಿಟ್ಟಿದ್ಲು. ನೀವು ಕಳೀಬ್ಯಾಡ್ರಿ ಅಂದಿದ್ರಲ್ಲ. ಎಲ್ಡು ದಿನ ಇವ್ಳನ್ನ ಬಯಲಿಗೆ ಒಬ್ಳನ್ನೇ ಕಳಿಸ್ಲಿಲ್ಲ. ಕೊಡದಾಗೆ ನೀರು ಹೊತ್ಕಂಡು ಹಿಂದೇ ಹೋಗಿ, ಕಡ್ಡಿ ತಗಂಡು ಕೆದರಿ ಕೆದರಿ ನೋಡ್ದೆ. ಮೂರ್ನೇ ದಿನ ಬೆಳಗ್ಗೆ ಸಿಕ್ತು."

ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಏನಾಯಿತು ಎಂಬುದರ ಬಗ್ಗೆ ಡೈರಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಕೈ ಕೊಡವಿದೆ. ಗುಂಡಿ ಕಿಟಕಿಯಿಂದಾಚೆ ಹೋಯಿತು. ಸೋಪು ಹಚ್ಚಿ, ತೊಳೆದು, ಮತ್ತೆ ಹಚ್ಚಿ, ಡೆಟ್ಟಾಲು ಸುರಿದು, ಮತ್ತೆ ತೊಳೆದೆ. ಆ ಕೈ ಕಣ್ಣ ಹತ್ತಿರ ಹೋಗಿತ್ತು ಎಂಬುದು ನೆನಪಾದಾಗಲೆಲ್ಲ ಮತ್ತೆ ತೊಳೆದೆ.

"ಬೆಂಕ್ಯಾಗೆ ಕಾಯಿಸಿದ್ರೆ ಎಲ್ಲಾ ಸುದ್ದ ಆಗ್ತಿತ್ತು ಡಾಕ್ಟ್ರಮ್ಮ," ಎಂದರು ಕಾಂಪೌಂಡರು ಮೆಲ್ಲಗೆ. "ಸೀತಮ್ಮನ್ನೇ ಬಿಡ್ಲಿಲ್ಲ ಬೆಂಕಿ."

"ಬಾಯಿ ಮುಚ್ಚಿ," ಎಂದೆ.

ತಾಯಿ ಕಿಟಕಿಯನ್ನೇ ನೋಡುತ್ತ ನಿಂತಿದ್ದರು. ಎರಡು ದಿನ ಹುಡುಕಿ ತಂದದ್ದು ಹೋದ ದಾರಿ ಅದು. ನನಗೆ ಅವರ ಮುಖ ನೋಡಲು ಆಗಲಿಲ್ಲ, ಅದಕ್ಕೇ ಮಗಳ ಕಡೆ ತಿರುಗಿ ಜೋರಾಗಿ ಹೇಳಿದೆ: "ಕೂತ್ಕೋ. ಎಲ್ಲ ಕಿತ್ತು ತೆಗೀತೀನಿ. ಸಾಕು."

ಅವಳು ಕೂತಳು. ತಲೆ ಒರಗಿಸಿ ಬಾಯಿ ತೆರೆದಳು. ಗುಂಡಿ ಕೀಳುವ ಇಕ್ಕಳ ಹಿಡಿದು ಬಗ್ಗಿದೆ. ಲವಂಗದ ವಾಸನೆ ಬಂತು.

ಹಲ್ಲಿನ ಕ್ಲಿನಿಕ್ಕಿಗೆ ಕಾಲಿಟ್ಟವರಿಗೆಲ್ಲ ಗೊತ್ತು, ಅದು ಅಲ್ಲಿನ ಗೋಡೆಯ ವಾಸನೆ. ನನ್ನ ಸೀರೆಯಲ್ಲಿ, ಚೀಲದಲ್ಲಿ, ಡೈರಿಯ ಹಾಳೆಯಲ್ಲಿ ಇದ್ದದ್ದು. ಆ ಹುಡುಗಿಯ ಬಾಯಿಗೆ ಬಗ್ಗಿದಾಗಲೆಲ್ಲ ಬಂದದ್ದನ್ನು ನನ್ನದೇ ಬಾಟಲಿಯದು ಎಂದುಕೊಂಡು, ಬೇರೆ ವಾಸನೆಗಳನ್ನು ಅದು ಮುಚ್ಚುತ್ತದಲ್ಲ ಎಂದು ನೆಮ್ಮದಿಯಾಗಿದ್ದೆ. ಅಂದು ಬಾಟಲಿ ಹೊನ್ನಾಳಿಯಲ್ಲಿತ್ತು.

"ಬಾಯಲ್ಲಿ ಏನಿದೆ?"

ಅವಳು ತಾಯಿಯ ಕಡೆ ನೋಡಿದಳು. ಆಮೇಲೆ ಎರಡು ಬೆರಳು ದವಡೆಯ ಹಿಂದಕ್ಕೆ ಹಾಕಿ, ಅರ್ಧ ಅಗಿದು ಊದಿದ ಎರಡು ಲವಂಗ ತೆಗೆದು ಅಂಗೈಯಲ್ಲಿಟ್ಟಳು.

"ಇದನ್ನ ಯಾಕೆ ಇಟ್ಕೊಂಡಿದ್ದೀಯ?"

ಉತ್ತರ ಕೊಟ್ಟದ್ದು ತಾಯಿ. "ಮೊದಲ್ನೇ ದಿನ ನೀವು ಇವ್ಳ ಬಾಯಿ ನೋಡಿ ಥೂ ಅಂದು ಮಕ ಆ ಕಡೀಕೆ ತಿರುವಿದ್ರಲ್ಲ. ವಾಸ್ನೆ ಹೊಡಿತೈತೆ ಅಂತ ನಮಗೆ ಗೊತ್ತಾತು. ಅವತ್ತಿಂದ ಪ್ರತಿ ಗುರ್ವಾರ ಬೆಳಗ್ಗೆ ಹಲ್ಲಿಗೆಲ್ಲಾ ಲವಂಗದೆಣ್ಣಿ ತಿಕ್ಕಿ, ಎಲ್ಡು ಲವಂಗ ದವಡಿಗೆ ಇಟ್ಟು ಕರ್ಕಂಡು ಬರ್ತೀನಿ. ನಿಮಗೆ ಹೇಸ್ಗಿ ಆಗಬಾರ್ದು ಅಂತ."

ನಾನು ಥೂ ಅಂದೆನೇ? ನೆನಪಿಲ್ಲ. ಡೈರಿಯಲ್ಲಿ ಇರುವುದು "ದುರ್ವಾಸನೆ" ಎಂಬ ಒಂದು ಪದ. ಕಾಂಪೌಂಡರ ಕಡೆ ನೋಡಿದೆ. ಇಲ್ಲ ಎನ್ನುತ್ತಾರೆ ಎಂದು ಆಸೆಯಿಂದ ನೋಡಿದ್ದು ನಿಜ.

"ನೀವು ಅಂತಿರ್ತೀರಿ ಡಾಕ್ಟ್ರಮ್ಮ," ಎಂದರು ಅವರು. "ಯಾರ್ಯಾರಿಗೆ ಅಂದ್ರಿ ಅಂತ ಎಲ್ಲಿ ನೆಪ್ಪಿಟ್ಕಳನ."

ಲವಂಗದೆಣ್ಣೆ ಇದ್ದ ಕಡೆ ಈ ಅಂಟು ಸರಿಯಾಗಿ ಗಟ್ಟಿಯಾಗುವುದಿಲ್ಲ. ಇದು ಎರಡನೆಯ ವರ್ಷದ ಪಾಠ. ಎಣ್ಣೆಯ ಪಸೆ ಬೇರೆ ಆಸಿಡ್ಡಿಗೆ ಅಡ್ಡ. ಲವಂಗ ದವಡೆಯಲ್ಲಿದ್ದರೆ ಯಾರ ಬಾಯಾದರೂ ನೀರೂರುತ್ತದೆ. ಒರತೆಯ ಮೂಲ ಅಲ್ಲಿತ್ತು. ನಾಲಿಗೆ ಸುಮ್ಮನಿರದೆ ಓಡಾಡಿದ್ದು ದವಡೆಯಲ್ಲಿದ್ದ ಲವಂಗ ಮುಂದಕ್ಕೆ ಜಾರಿ ನನ್ನ ಕಣ್ಣಿಗೆ ಬೀಳದಿರಲಿ ಎಂದು. ನಾನು ಅವಳ ಹಲ್ಲನ್ನು ಬೈದೆ, ಊರಿನ ನೀರನ್ನು, ಬಿಸಿಲನ್ನು, ಮುದ್ದೆಯನ್ನು ಬೈದೆ. ಬೈಯದೆ ಬಿಟ್ಟದ್ದು ನನ್ನ ಮುಖವನ್ನು.

ಹೀಗೆ ಬರೆದ ಕೂಡಲೇ ಅನುಮಾನವಾಗುತ್ತದೆ. ಕಲ್ಲುಪುಡಿಯಿಂದ ಉಜ್ಜಿ ತೊಳೆಯುತ್ತಿದ್ದೆನಲ್ಲ, ಎಣ್ಣೆ ಎಷ್ಟು ಉಳಿದಿರಬಹುದು? ಕಲೆ ಹಿಡಿದ ಹಲ್ಲು, ಸುಟ್ಟ ಜಾಲರಿ, ಸೆಕೆ, ಇವೂ ಸುಳ್ಳಲ್ಲ. ಪಶ್ಚಾತ್ತಾಪಪಡುವವರಿಗೆ ಎಲ್ಲ ತಪ್ಪನ್ನೂ ತಮ್ಮ ಮೇಲೆ ಎಳೆದುಕೊಳ್ಳುವುದರಲ್ಲೂ ಒಂದು ಸುಖವಿದೆ. ಅದೂ ಅಸಹ್ಯವೇ.

ಅಂದು ಇಷ್ಟೆಲ್ಲ ಯೋಚಿಸಿರಲಾರೆ. ಇಕ್ಕಳ ಕೆಳಗಿಟ್ಟೆ. ಹುಡುಗಿಗೆ ಬಾಯಿ ಮುಕ್ಕಳಿಸಲು ಹೇಳಿದೆ. ಮುಕ್ಕಳಿಸಿ ಬಂದವಳು ಕೇಳಿದಳು: "ತೆಗಿಯಲ್ವಾ?"

"ಇಲ್ಲ. ಎಲ್ಲ ಹೊಸದಾಗಿ ಅಂಟಿಸ್ತೀನಿ."

"ಎಂಟ್ನೇದು?" ಎಂದರು ಕಾಂಪೌಂಡರು.

ಎಂಟನೆಯದು ಚರಂಡಿಯಲ್ಲಿತ್ತು. ಆ ಹಲ್ಲಿನ ಅಳತೆಯದು ನನ್ನ ಡಬ್ಬಿಯಲ್ಲಿ ಬೇರೆ ಇರಲಿಲ್ಲ; ಬೆಂಗಳೂರಿನಿಂದ ಬರಲು ತಿಂಗಳು. ತಾಯಿ ನನ್ನ ಮಾತಿಗೆ ಕಾಯಲಿಲ್ಲ, ಸೆರಗು ಸಿಕ್ಕಿಸಿಕೊಂಡು ಹಿಂಬದಿಗೆ ನಡೆದೇಬಿಟ್ಟರು. ನಾನೂ ಹಿಂದೆ ಹೋದೆ. ಕಪ್ಪು ನೀರು, ಔಷಧಿ ಅಂಗಡಿಯ ಒಡೆದ ಬಾಟಲಿ ಚೂರು, ಮೇಲಿನಿಂದ ಯಾರೋ ಉಗಿದ ಎಲೆಯಡಿಕೆ, ಸತ್ತ ಹೆಗ್ಗಣ. ತಾಯಿ ಒಂದು ಕಡ್ಡಿ ಹುಡುಕಿಕೊಂಡರು. ಅವರ ಪಕ್ಕ ನಾನೂ ಬಗ್ಗಿ ಕೆಸರಿಗೆ ಕೈ ಹಾಕಿದೆ ಎಂದು ನೆನಪು. ಆದರೆ ಹುಡುಕಿದ್ದು ತಾವು ಎಂದು ಕಾಂಪೌಂಡರು ಕೊನೆಯವರೆಗೂ ಹೇಳುತ್ತಿದ್ದರು: "ನೀವು ಮೂಗಿಗೆ ಸೆರಗು ಹಿಡ್ಕಂಡು ನಿಂತಿದ್ರಿ, ಡಾಕ್ಟ್ರಮ್ಮ, ಅದೂ ಮಾರು ದೂರ." ಡೈರಿಯಲ್ಲಿ ಇರುವುದು: "ಸೀರೆಯ ಅಂಚು ಕೆಟ್ಟಿತು." ಅಂಚಿನವರೆಗಂತೂ ಹೋಗಿದ್ದೆ. ಅದಕ್ಕಿಂತ ಹೆಚ್ಚು ಹೇಳಿಕೊಳ್ಳಲು ನನಗೆ ಧೈರ್ಯವಿಲ್ಲ.

ಗುಂಡಿ ಸಿಕ್ಕಿತು. ಕಾಂಪೌಂಡರು ಎರಡು ಸಲ ಕೆಂಪಗೆ ಕಾಯಿಸಿದರು. ಉಳಿದ ಏಳನ್ನೂ ಕಿತ್ತು, ಅವನ್ನೂ ಸುಟ್ಟರು. ನಾನು ಹಲ್ಲುಗಳನ್ನು ಮೊದಲು ಸ್ಪಿರಿಟ್ಟಿನಲ್ಲಿ ಒರೆಸಿ, ಕಲ್ಲುಪುಡಿಯಿಂದ ಎರಡು ಸಲ ಉಜ್ಜಿದೆ. ಆಸಿಡ್ಡು ಹಚ್ಚಿ ಗಡಿಯಾರ ನೋಡುತ್ತ ಕೂತೆ. ಈ ಸಲ ಹತ್ತಿಯ ಸುರುಳಿ ಬಹಳ ಹೊತ್ತು ಒಣಗಿಯೇ ಇತ್ತು.

ಲವಂಗವಿಲ್ಲದ ಬಾಯಿಯ ವಾಸನೆ ಬಂತು. ಸದಾ ತೆರೆದಿರುವ ಬಾಯಿಯ, ಒಣಗಿದ ಒಸಡಿನ, ಬೆಳಗಿನ ಈರುಳ್ಳಿಯ ವಾಸನೆ. ಹಲ್ಲು ಒಣಗಿಸುವ ರಬ್ಬರು ಚೆಂಡನ್ನು ಒತ್ತಿದಾಗಲೆಲ್ಲ ಅದು ಗಾಳಿಯ ಜೊತೆ ನನ್ನ ಮುಖಕ್ಕೇ ಬರುತ್ತಿತ್ತು. ಓಕರಿಕೆ ಬಂತು. ನುಂಗಿಕೊಂಡೆ. ಮುಖ ತಿರುಗಿಸಲಿಲ್ಲ ಎಂದು ಬರೆಯಬಹುದು, ಆದರೆ ಅದು ದೊಡ್ಡ ಗುಣವೇನಲ್ಲ. ಅವಳು ಕಣ್ಣು ಮುಚ್ಚದೆ ಇಡೀ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದಳು. ತಿರುಗಿಸಲು ಆಗುತ್ತಿರಲಿಲ್ಲ.

ಮುಂದಿನ ಗುರುವಾರ ಅವರೇ ಮೊದಲು ಬಂದು ಬಾಗಿಲಲ್ಲಿ ಕೂತಿದ್ದರು. ಹುಡುಗಿ ಬಾಯಿಗೆ ಅಡ್ಡ ಅಂಗೈ ಹಿಡಿದಿದ್ದಳು. ಕುರ್ಚಿಯಲ್ಲಿ ಕೂರಿಸಿ, ಉಕ್ಕಿನ ಕಡ್ಡಿಯ ತುದಿಯಿಂದ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಬಲಗಡೆಯ ಕೋರೆಹಲ್ಲಿನದು ಇರಲಿಲ್ಲ.

ತಾಯಿ ಗಂಟು ಬಿಚ್ಚಿ ಅದನ್ನು ಮೇಜಿನ ಮೇಲಿಟ್ಟರು. ನನ್ನ ಕೈಗೆ ಕೊಡಲಿಲ್ಲ. "ನಿನ್ನೆ ಸಂಜಿಕೆ ಬಿತ್ರಿ," ಎಂದರು. "ಲವಂಗ ಮುಟ್ಸಿಲ್ರಿ. ಆಣೆ ಮಾಡಿ ಹೇಳ್ತೀನಿ."

ಅಂದರೆ ಲವಂಗವೊಂದೇ ಕಾರಣವಾಗಿರಲಿಲ್ಲ. ಆ ಹಲ್ಲಿನ ಕಂದು ಪಟ್ಟೆ ಎಲ್ಲಕ್ಕಿಂತ ಅಗಲವಾಗಿತ್ತು. ಬೇರೇನಾದರೂ ಇದ್ದಿರಬಹುದು, ನನಗೆ ಇವತ್ತಿಗೂ ಗೊತ್ತಿಲ್ಲ. ಉದುರಿದ್ದು ಚರಂಡಿಯಿಂದ ಬಂದ ಗುಂಡಿ ಅಲ್ಲ, ಅದು ಗಟ್ಟಿಯಾಗಿ ನಿಂತಿತ್ತು ಎಂದು ಬರೆಯಲು ಮನಸ್ಸಾಗುತ್ತದೆ, ಆದರೆ ಅದು ಯಾವ ಹಲ್ಲಿನದು ಎಂದು ಡೈರಿ ಹೇಳುವುದಿಲ್ಲ. "ಏಳು ನಿಂತಿವೆ" ಎಂದಷ್ಟೇ ಇದೆ.

ಹುಡುಗಿ ಕೇಳಿದಳು: "ನೀವು ಒಂದು ಬಿದ್ರೂ ತೆಗಿತೀನಿ ಅಂದಿದ್ರಿ."

"ಅಂದಿದ್ದೆ."

"ಎಂಟೂ ನಿಲ್ದಿದ್ರೆ ತಂತಿ ಇಲ್ಲ ಅಂತಾನೂ ಅಂದಿದ್ರಿ."

"ಬಾಯಿ ತೆಗಿ," ಎಂದೆ.

ಕೋರೆಹಲ್ಲನ್ನು ಕಲ್ಲಿನ ಚಕ್ರದಿಂದ ಮೇಲ್ಪದರ ತುಸು ಸವೆಸಿ, ನಾಲ್ಕು ನಿಮಿಷ ಆಸಿಡ್ಡು ಇಟ್ಟು, ಗುಂಡಿ ಕೂರಿಸಿದೆ. ಅಂಟು ಗಟ್ಟಿಯಾಗುವಷ್ಟು ಹೊತ್ತು ಬೆರಳಿನಿಂದ ಒತ್ತಿ ಹಿಡಿದೆ. ಆಮೇಲೆ ಚೀಲದಿಂದ ತಂತಿ ತೆಗೆಯಲು ಕಾಂಪೌಂಡರಿಗೆ ಹೇಳಿದೆ. ಅವರು ಹುಬ್ಬೇರಿಸಿದರು. ತಂತಿಯನ್ನು ಎಂಟು ಗುಂಡಿಗೂ ಕಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಗಂಟು ಬಿಗಿಯುವಾಗ ಅವಳ ಕಣ್ಣಲ್ಲಿ ನೀರು ಬಂತು, ಎಳೆತಕ್ಕೆ. ಬಾಯಿ ತುಂಬ ಉಗುಳು ತುಂಬಿತ್ತು. ಉಗುಳುವ ಬೇಸಿನ್ನು ಹಿಡಿಯುತ್ತಿದ್ದ ಕಾಂಪೌಂಡರು ಬಸ್ಸಿನ ಹೊತ್ತು ಕೇಳಿ ಬರಲು ಹೊರಗೆ ಹೋಗಿದ್ದರು. ಅವಳು ಉಗುಳಲು ಎತ್ತ ನೋಡಿದರೂ ಜಾಗ ಕಾಣದೆ, ತುಟಿಯಂಚಿನಿಂದ ಸೋರುವುದನ್ನು ಅಂಗೈಯಲ್ಲಿ ಹಿಡಿದು ಒದ್ದಾಡುತ್ತಿದ್ದಳು.

ಮೇಜಿನ ಕೆಳಗಿದ್ದ ಬೇಸಿನ್ನು ಎತ್ತಿ ಅವಳ ಗದ್ದದ ಕೆಳಗೆ ಹಿಡಿದೆ. "ಇದರಲ್ಲಿ ಉಗಿ," ಎಂದೆ. ಅವಳು ಮೊದಲು ನನ್ನ ಮುಖ ನೋಡಿ, ಆಮೇಲೆ ಉಗಿದಳು. ನೂಲು ನೂಲಾಗಿ ಬಂತು, ಸ್ವಲ್ಪ ನನ್ನ ಹೆಬ್ಬೆರಳ ಮೇಲೂ ಬಿತ್ತು. ಹೇಸಿಗೆಯಾಯಿತು. ಬೇಸಿನ್ನು ಹಿಡಿದೇ ನಿಂತಿದ್ದೆ.